ತಾಳಿರಿ ಎಂದ ಗುರುಗಳು

(ಸ್ವಾತಂತ್ರ್ಯೋತ್ಸವದ ದಿನ ಸಂಜೆ ಶ್ರೀಮಠದ ಶಿವಾನುಭವಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಧ್ವಜವಂದನೆಯಾಯಿತು. ಮಳೆ ಹನಿಯುತ್ತಿದ್ದರೂ ಮಕ್ಕಳು ಸಾಲು ಬಿಡದೆ ನಿಂತಿದ್ದರು. ಅದಾದ ಮೇಲೆ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮೂರಿನ ಯುವಕರೊಬ್ಬರು ದರ್ಶನಕ್ಕೆ ಬಂದರು. ಮಾತಿನ ನಡುವೆ, "ಬುದ್ಧಿ, ಅಲ್ಲಿಯ ಕಪ್ಪು ಜನರ ಚರ್ಚೊಂದಕ್ಕೆ ಹೋಗಿದ್ದೆ. ಪೀಠದ ಪಕ್ಕದಲ್ಲಿ ದೇಶದ ಬಾವುಟ ನಿಲ್ಲಿಸಿದ್ದರು. ಅಷ್ಟು ಕಷ್ಟ ಕೊಟ್ಟ ದೇಶದ ಬಾವುಟವನ್ನು ಇವರು ದೇವರ ಮನೆಯಲ್ಲಿ ಹೇಗೆ ಇಟ್ಟುಕೊಂಡರು?" ಎಂದು ಕೇಳಿದರು. ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇಂದು ಬೇರೆ ವಿಷಯ ಹೇಳಬೇಕೆಂದಿದ್ದೆವು. ಅದನ್ನು ಬಿಟ್ಟು ಇದನ್ನೇ ಹೇಳುತ್ತೇವೆ. ನಾವು ಆ ದೇಶವನ್ನು ಕಂಡವರಲ್ಲ. ಇಂಗ್ಲಿಷನ್ನೂ ತಡವಾಗಿ, ನಿಘಂಟು ಹಿಡಿದು ಕಲಿತವರು. ಓದಿ ತಿಳಿದುದನ್ನಷ್ಟೇ ಹೇಳಬಲ್ಲೆವು.

1776ರಲ್ಲಿ ಆ ದೇಶದ ಹಿರಿಯರು ಬ್ರಿಟಿಷರ ಆಳ್ವಿಕೆಯನ್ನು ಧಿಕ್ಕರಿಸಿ, ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನರೆಂದು ಜಗತ್ತಿಗೆ ಸಾರಿದರು. ಅಮೃತದಂಥ ಮಾತು. ಆದರೆ ಅದನ್ನು ಬರೆದ ಥಾಮಸ್ ಜೆಫರ್ಸನ್ನರ ಜಮೀನಿನಲ್ಲಿಯೇ ಗುಲಾಮರು ದುಡಿಯುತ್ತಿದ್ದರು. 1787ರ ಸಂವಿಧಾನದಲ್ಲಿ, ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ, ಐದು ಜನ ಗುಲಾಮರನ್ನು ಮೂರು ಜನರೆಂದು ಎಣಿಸುವ ಲೆಕ್ಕ ಸೇರಿತು. ಮನುಷ್ಯನನ್ನೇ ಭಿನ್ನರಾಶಿ ಮಾಡಿದ ಲೆಕ್ಕ! ಅಮರಕೋಶ ಬಾಯಿಪಾಠ ಮಾಡಿದವರಿಗೆ ಗೊತ್ತು: ವರ್ಣವೆಂದರೆ ಬಣ್ಣವೂ ಹೌದು, ಜಾತಿಯೂ ಹೌದು, ಅಕ್ಷರವೂ ಹೌದು. ಅಲ್ಲಿ ಬಣ್ಣ ನೋಡಿ ಅಕ್ಷರವನ್ನೇ ಕಿತ್ತುಕೊಂಡರು. ಗುಲಾಮರಿಗೆ ಓದು ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು.

ದೇವರ ಮನೆಯಲ್ಲಾದರೂ ಸಮಾನತೆಯಿತ್ತೆ? 18ನೆಯ ಶತಮಾನದ ಕೊನೆಯ ಭಾಗದಲ್ಲಿ ಫಿಲಡೆಲ್ಫಿಯಾ ನಗರದ ಚರ್ಚೊಂದರಲ್ಲಿ ಅಬ್ಸಲೋಮ್ ಜೋನ್ಸ್ ಎಂಬ ಕಪ್ಪು ಭಕ್ತರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಇದು ನಿಮ್ಮ ಸ್ಥಳವಲ್ಲವೆಂದು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವತನಕ ತಡೆಯಿರಿ ಎಂದರೂ ಕೇಳಲಿಲ್ಲ. ಅವರೊಡನೆ ಎದ್ದು ಹೊರನಡೆದವರಲ್ಲಿ ರಿಚರ್ಡ್ ಅಲೆನ್ ಎಂಬವರೊಬ್ಬರು. ಗುಲಾಮರಾಗಿ ಹುಟ್ಟಿ, ದುಡಿದ ಹಣದಿಂದ ತಮ್ಮನ್ನು ತಾವೇ ಬಿಡಿಸಿಕೊಂಡವರು. ಅವರು ಹಳೆಯದೊಂದು ಕಮ್ಮಾರಸಾಲೆಯನ್ನು ಕುದುರೆಗಳಿಂದ ಎಳೆಸಿ ತಂದು, 1794ರಲ್ಲಿ ಅದರಲ್ಲಿಯೇ ಪ್ರಾರ್ಥನೆ ಆರಂಭಿಸಿದರು. ಕಮ್ಮಾರಸಾಲೆ ದೇವಾಲಯವಾಯಿತೆಂದರೆ ಶರಣರ ನಾಡಿನವರಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇನ್ನೊಬ್ಬರು ಫ್ರೆಡರಿಕ್ ಡಗ್ಲಾಸ್. ಕದ್ದು ಅಕ್ಷರ ಕಲಿತು, 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯಾದವರು. 1852ರಲ್ಲಿ ರಾಚೆಸ್ಟರ್ ನಗರದಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ಕರೆದಾಗ, ದೇಶ ಕಟ್ಟಿದವರ ಧೈರ್ಯವನ್ನು ಮೊದಲು ಕೊಂಡಾಡಿ, ಅನಂತರ ನಿಮ್ಮ ಈ ಹಬ್ಬ ಗುಲಾಮನಿಗೆ ಏನಾಗಬೇಕು ಎಂದು ಸಭೆಯನ್ನೇ ಪ್ರಶ್ನಿಸಿದರು. ಆದರೂ ಸಂವಿಧಾನವನ್ನು ಸುಟ್ಟುಬಿಡಿ ಎನ್ನಲಿಲ್ಲ. ಅದರಲ್ಲಿರುವ ಮಾತಿನಂತೆ ನಡೆಯಿರಿ ಎಂದರು. ಇಂಥವರನ್ನು ದೇಶದ್ರೋಹಿಯೆನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಈಗ ಆ ಯುವಕರ ಪ್ರಶ್ನೆಗೆ ಬರೋಣ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ, ಎರಡು ಲಕ್ಷಕ್ಕೂ ಮಿಗಿಲಾದ ಜನರ ಮುಂದೆ, ಧರ್ಮಬೋಧಕರಾದ ಮಾರ್ಟಿನ್ ಲೂಥರ್ ಕಿಂಗ್ ಅವರು ದೇಶ ಕಟ್ಟಿದವರ ಮಾತನ್ನು ಪ್ರಾಮಿಸರಿ ನೋಟಿಗೆ ಹೋಲಿಸಿದರು. ನೀವು ಪ್ರೋನೋಟು ಎನ್ನುತ್ತೀರಲ್ಲ, ಅದೇ. ಸಾಲ ಬರಬೇಕಾದವನು ಪ್ರೋನೋಟನ್ನು ಹರಿದುಹಾಕುತ್ತಾನೆಯೆ? ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾನೆ. ಅವರ ಚರ್ಚಿನ ಬಾವುಟವನ್ನು ನಾವು ಹೀಗೆ ಅರ್ಥಮಾಡಿಕೊಂಡಿದ್ದೇವೆ.

ಸಾಲ ಕಂತು ಕಂತಾಗಿಯೇ ಬಂದಿತು. ಭೀಕರ ಯುದ್ಧವಾಗಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಮತ್ತೆ ನೂರು ವರ್ಷ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಬೇರೆ ಆಸನ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ. 1967ರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಮದುವೆ ಕೂಡದೆಂಬ ಕಾನೂನುಗಳನ್ನು ಸುಪ್ರೀಂ ಕೋರ್ಟು ತೊಡೆದುಹಾಕಿತು. ಹರಳಯ್ಯ-ಮಧುವರಸರ ಮನೆಗಳ ಸಂಬಂಧಕ್ಕಾಗಿ ಕಲ್ಯಾಣದಲ್ಲಿ ಎಳೆಹೂಟೆಯಾದುದನ್ನು ಬಲ್ಲ ನಮಗೆ ಆ ತೀರ್ಪಿನ ಬೆಲೆ ಗೊತ್ತಾಗಬೇಕು. 2008ರಲ್ಲಿ ಬರಾಕ್ ಒಬಾಮಾ ಅಧ್ಯಕ್ಷರಾಗಿ ಆಯ್ಕೆಯಾದರು. ಸಾಲ ತೀರಿತೆ? 2015ರ ಜೂನಿನಲ್ಲಿ ಚಾರ್ಲ್ಸ್‌ಟನ್ನಿನಲ್ಲಿ, ಅಲೆನ್ನರ ಸಂಪ್ರದಾಯದ್ದೇ ಚರ್ಚಿನಲ್ಲಿ, ಶಾಸ್ತ್ರಪಠನಕ್ಕೆ ಬಂದ ಅಪರಿಚಿತ ಬಿಳಿಯ ಯುವಕನನ್ನು ಆದರದಿಂದ ಕೂರಿಸಿಕೊಂಡರು. ಅವನೇ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಎರಡೇ ದಿನದಲ್ಲಿ, ಸತ್ತವರ ಬಂಧುಗಳಲ್ಲಿ ಕೆಲವರು ನ್ಯಾಯಾಲಯದಲ್ಲಿ ಅವನಿಗೆ ಕ್ಷಮೆ ಹೇಳಿದರು. ಇದನ್ನು ಓದಿದ ದಿನ ನಮಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನಮ್ಮಿಂದ ಅದು ಸಾಧ್ಯವೆ ಎಂದು ಕೇಳಿಕೊಂಡರೆ ಉತ್ತರ ಬರಲಿಲ್ಲ.

ಆದರೆ ನಮ್ಮನ್ನು ಹೆಚ್ಚು ಕಾಡುವವರು ಬೇರೆ ಎಂಟು ಜನ. 1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಂ ನಗರದಲ್ಲಿ ಕಿಂಗ್ ಅವರು ಸತ್ಯಾಗ್ರಹ ಹೂಡಿದಾಗ, ಎಂಟು ಜನ ಬಿಳಿಯ ಧರ್ಮಗುರುಗಳು, ಏಳು ಮಂದಿ ಕ್ರೈಸ್ತರು, ಒಬ್ಬರು ಯಹೂದಿ, ಇದು ಸಮಯವಲ್ಲ, ಬೀದಿ ಬಿಡಿರಿ, ತಾಳಿರಿ ಎಂದು ಹೇಳಿಕೆ ಕೊಟ್ಟರು. ಅವರು ದುಷ್ಟರಲ್ಲ. ಅದೇ ಜನವರಿಯಲ್ಲಿ, ನ್ಯಾಯಾಲಯದ ತೀರ್ಪಿಗೆ ತಲೆಬಾಗಿರೆಂದು ತಮ್ಮ ಬಿಳಿಯ ಜನಕ್ಕೆ ಬುದ್ಧಿ ಹೇಳಿದವರು. ಓದಿದವರು, ಗೌರವಸ್ಥರು, ಶಾಂತಿ ಬಯಸಿದವರು. ಕಿಂಗ್ ಅವರು ಸೆರೆಮನೆಯಲ್ಲಿ ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಉತ್ತರ ಬರೆಯತೊಡಗಿದರು. ಆಟದ ಉದ್ಯಾನಕ್ಕೆ ಕರೆದೊಯ್ಯೆಂದು ಕೇಳುವ ಆರು ವರ್ಷದ ಮಗಳಿಗೆ, ಅಲ್ಲಿ ನಮ್ಮವರನ್ನು ಬಿಡುವುದಿಲ್ಲವೆಂದು ಹೇಳುವಾಗ ತಂದೆಯ ನಾಲಗೆ ತೊಡರುತ್ತದಲ್ಲ, ಅವನಿಗೆ ತಾಳು ಎನ್ನುವುದು ಹೇಗೆ ಎಂಬುದು ಆ ಉತ್ತರದ ಒಂದು ಭಾಗ.

ಆ ಎಂಟು ಜನರಲ್ಲಿ ನಮ್ಮ ಮುಖವೂ ಕಾಣುತ್ತದೆ. ನಾವು ಸಂಸ್ಕೃತ ಪಾಠಶಾಲೆಯಲ್ಲಿದ್ದಾಗ ತೋಟದ ಕೆಲಸಕ್ಕೆ ಬರುತ್ತಿದ್ದ ಆಳಿನ ಮಗನೊಬ್ಬನಿದ್ದ. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೇ ಶಬ್ದರೂಪಗಳನ್ನು ನಮಗಿಂತ ಚೆನ್ನಾಗಿ ಹೇಳುತ್ತಿದ್ದ. ಒಳಗೆ ಕೂರಲೇ ಎಂದು ಕೇಳಿಸಿದ. ಗುರುಗಳು, "ಕಾಲ ಬರುತ್ತದೆ, ತಾಳಲಿ ಎಂದು ಹೇಳು" ಎಂದು ನಮ್ಮನ್ನೇ ಕಳಿಸಿದರು. ಹೋಗಿ ಹೇಳಿದವರು ನಾವು. ಅವನು ತಲೆಯಾಡಿಸಿದ. ದೀಪಾವಳಿಯ ನಂತರ ಬರಲಿಲ್ಲ. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನ ಜಾರಿಗೆ ಬಂದು ಆಗಲೇ ಮೂರು ದಶಕ ಕಳೆದಿತ್ತು.

1959ರಲ್ಲಿ ಕಿಂಗ್ ದಂಪತಿಗಳು ಒಂದು ತಿಂಗಳು ನಮ್ಮ ದೇಶದಲ್ಲಿದ್ದರು. ತಿರುವನಂತಪುರದ ಶಾಲೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಮುಂದೆ, ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು ಎಂದು ಪರಿಚಯಿಸಿದರಂತೆ. ಕ್ಷಣಕಾಲ ಅವರಿಗೆ ಬೇಸರವಾಯಿತು, ಯೋಚಿಸಿದಾಗ ಹೌದೆನಿಸಿತು. ಇದನ್ನು ಅವರೇ 1965ರಲ್ಲಿ, ತಮ್ಮ ದೇಶದ ಸ್ವಾತಂತ್ರ್ಯದ ದಿನ, ತಮ್ಮ ಚರ್ಚಿನಲ್ಲಿ ಹೇಳಿದರು.

ನಮ್ಮ ದಾಸೋಹದಲ್ಲಿ ಕಾಲೋನಿಯ ಜನ ಇಂದಿಗೂ ಕೊನೆಯ ಕಂಬದ ಆಚೆ ಕೂರುತ್ತಾರೆ. ಕೇಳಿದರೆ ಮಠದ ಹಿರಿಯರು, "ಅವರೇ ಹಾಗೆ ಕೂರುತ್ತಾರೆ ಬುದ್ಧಿ, ನಾವೇನೂ ಹೇಳಿಲ್ಲ" ಎನ್ನುತ್ತಾರೆ. ನಾವೂ ಇಷ್ಟು ವರ್ಷ ಅದನ್ನು ಒಪ್ಪಿಕೊಂಡೇ ಇದ್ದೆವು. ಈ ದಿನ ನಮ್ಮ ಪ್ರಸಾದವನ್ನು ಮೇಲಿನ ಕೋಣೆಗೆ ತರುವುದು ಬೇಡ. ಆ ಕಂಬದ ಆಚೆ ನಮಗೂ ಒಂದು ಎಲೆ ಹಾಕಿರಿ. ನಮ್ಮ ಎಡಬಲಕ್ಕೆ ಯಾರು ಕೂರುತ್ತಾರೋ ಕೂರಲಿ. ಗಂಟೆ ಬಾರಿಸಿದ್ದಾರೆ, ಏಳಿರಿ.