ಉಟ್ಟು ಬಿಟ್ಟ ಬಟ್ಟೆಯ ಹೊಸ ಸಂತೆ

ಒಂದು ಪ್ರಶ್ನೆಯಿಂದಲೇ ಮಾತು ಆರಂಭವಾಗಲಿ. ಮನೆಯ ಬೀರುವಿನಲ್ಲಿ ಮಡಿಚಿಟ್ಟಿರುವ ಒಂದು ಹಳೆಯ ಸೀರೆಯ ಬೆಲೆ ಎಷ್ಟು? ಉಟ್ಟವರನ್ನು ಕೇಳಿದರೆ ಒಂದು ಉತ್ತರ ಬರುತ್ತದೆ. ಬೀದಿಯಲ್ಲಿ ಬರುವ ಪಾತ್ರೆಯವಳನ್ನು ಕೇಳಿದರೆ ಇನ್ನೊಂದು, ಜರಿ ವ್ಯಾಪಾರಿಯನ್ನು ಕೇಳಿದರೆ ಮತ್ತೊಂದು. ಇತ್ತೀಚಿನ ವರ್ಷಗಳಲ್ಲಿ ನಾಲ್ಕನೆಯ ಉತ್ತರವೂ ಸೇರಿಕೊಂಡಿದೆ. ಸೀರೆಯ ಫೋಟೊ ತೆಗೆದು ಇಂಟರ್‌ನೆಟ್ಟಿಗೆ ಹಾಕಿದರೆ ನೂರಾರು ಮೈಲಿ ದೂರದ ಅಪರಿಚಿತರು ಹೇಳುವ ಬೆಲೆ ಅದು. ಸೀರೆ ಒಂದೇ, ಬೆಲೆ ನಾಲ್ಕು. ಈ ವ್ಯತ್ಯಾಸ ಹುಟ್ಟುವುದು ಎಲ್ಲಿ, ಅದರ ಲಾಭ ಸೇರುವುದು ಯಾರ ಕೈಗೆ ಎಂಬುದೇ ಹಳೆ ಬಟ್ಟೆ ವ್ಯಾಪಾರದ ತಿರುಳು.

ವ್ಯಾಪಾರಕ್ಕೆ ಮುಂಚೆ ಮನೆಯ ಮಾತು. ನಮ್ಮಲ್ಲಿ ಬಟ್ಟೆ ಅಷ್ಟು ಸುಲಭವಾಗಿ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಅಕ್ಕನ ಲಂಗ ತಂಗಿಗೆ ಬರುತ್ತಿತ್ತು. ಅಪ್ಪನ ಪಂಚೆ ಹರಿದ ಮೇಲೆ ಮೈ ಒರೆಸುವ ಬಟ್ಟೆಯಾಗಿ, ಕೊನೆಗೆ ಅಡುಗೆಮನೆಯ ಮಸಿಬಟ್ಟೆಯಾಗುತ್ತಿತ್ತು. ಒಗೆದು ಒಗೆದು ಮೆತ್ತಗಾದ ಅಜ್ಜಿಯ ನೂಲಿನ ಸೀರೆಗೆ ಮೊಮ್ಮಗುವಿನ ತೊಟ್ಟಿಲಲ್ಲಿ ಜಾಗ. ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೂ ಹೀಗೆಯೇ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲು ಹೊಲಿಗೆ ಹಾಕಿದರೆ ಚಳಿಗಾಲಕ್ಕೆ ಹೊದಿಕೆ ಸಿದ್ಧ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ.

ಮನೆಯೊಳಗೆ ಇಷ್ಟು ಗೌರವ ಪಡೆದ ಅದೇ ಬಟ್ಟೆ ಹೊಸ್ತಿಲು ದಾಟಿದೊಡನೆ ಬೇರೆಯದಾಗಿಬಿಡುತ್ತದೆ. ಯಾರೋ ಉಟ್ಟು ಬಿಟ್ಟದ್ದನ್ನು ಉಡುವುದು ಮೈಲಿಗೆ ಎಂಬ ಭಾವನೆ ಒಂದು ಕಡೆ, ಬಡತನದ ಗುರುತು ಎಂಬ ಸಂಕೋಚ ಇನ್ನೊಂದು ಕಡೆ. ಮಡಿಯ ಲೆಕ್ಕದಲ್ಲಿ ರೇಷ್ಮೆಗೆ ಒಂದಿಷ್ಟು ವಿನಾಯಿತಿ ಇತ್ತು. ಪಟ್ಟೆಮಡಿ ಎಂಬ ಮಾತೇ ಅದಕ್ಕೆ ಸಾಕ್ಷಿ. ನೂಲಿನ ಬಟ್ಟೆಗೆ ಆ ಭಾಗ್ಯವಿರಲಿಲ್ಲ. ಹೊರಗಿನವರಿಗೆ ಹಳೆ ಬಟ್ಟೆ ಕೊಟ್ಟರೆ ಅದು ದಾನವಾಗುತ್ತಿತ್ತು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಆದ್ದರಿಂದ ಹಳೆ ಬಟ್ಟೆ ಮಾರಾಟದ ಸರಕಾಗಬೇಕಾದರೆ ಉಟ್ಟವರಿಗೂ ಉಡುವವರಿಗೂ ನಡುವೆ ಪರಸ್ಪರ ಮುಖ ಕಾಣದಂಥ ಉದ್ದನೆಯ ಸರಪಳಿಯೊಂದು ಬೇಕಾಗಿತ್ತು.

ಆ ಸರಪಳಿಯ ಮೊದಲ ಕೊಂಡಿಯೇ ಪಾತ್ರೆಯವಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಹೊಳೆಯುವ ಸ್ಟೀಲ್ ಡಬ್ಬಿ, ತಟ್ಟೆ, ಬೋಗುಣಿ. ಮಧ್ಯಾಹ್ನ ಗಂಡಸರು ಮನೆಯಲ್ಲಿಲ್ಲದ ಹೊತ್ತಿಗೆ ಬಂದು ಜಗಲಿಯ ಮೇಲೆ ಕೂತರೆ ಒಂದು ಗಂಟೆಯ ಚೌಕಾಸಿ. ಎರಡು ಪ್ಯಾಂಟು, ಮೂರು ಷರಟು, ಒಂದು ಜರಿ ಸೀರೆ ಕೊಟ್ಟರೆ ಒಂದು ಡಬ್ಬಿ. ‘ಇನ್ನೊಂದು ಸೀರೆ ಹಾಕಿ ಅಮ್ಮಾ, ದೊಡ್ಡ ಡಬ್ಬಿ ತಗೊಳ್ಳಿ’ ಎಂಬ ಒತ್ತಾಯ. ಹಣದ ಮಾತೇ ಇಲ್ಲ. ಬಟ್ಟೆ ಮಾರಿದೆವೆಂಬ ಸಂಕೋಚವೂ ಗೃಹಿಣಿಗಿಲ್ಲ. ಅಡುಗೆಮನೆಗೆ ಒಂದು ಪಾತ್ರೆ ಬಂದಿತು, ಅಷ್ಟೆ.

ಉತ್ತರ ಭಾರತದಲ್ಲಿ ಈ ವಿನಿಮಯದ ಕಸುಬು ಗುಜರಾತ್ ಮೂಲದ ವಾಘರಿ ಸಮುದಾಯದ ಮಹಿಳೆಯರಲ್ಲಿ ನೆಲೆಗೊಂಡಿದೆ. ದೇವಿಪೂಜಕ ಎಂಬ ಹೆಸರೂ ಈ ಸಮುದಾಯಕ್ಕಿದೆ. ದೆಹಲಿಯ ರಘುಬೀರ ನಗರದಲ್ಲಿ ನಸುಕು ಹರಿಯುವ ಮುನ್ನವೇ ಸೇರುವ ಸಂತೆಯಲ್ಲಿ ಅವರು ಮನೆ ಮನೆಯಿಂದ ತಂದ ಗಂಟು ಬಿಚ್ಚುತ್ತಾರೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ದೆಹಲಿಯ ಈ ವ್ಯಾಪಾರವನ್ನು ಹತ್ತಿರದಿಂದ ಅಧ್ಯಯನ ಮಾಡಿ 2010ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಸಂತೆಯಲ್ಲಿ ಪ್ರತಿಯೊಂದು ಬಟ್ಟೆಯೂ ತನ್ನ ದಾರಿ ಹಿಡಿಯುತ್ತದೆ. ಗಟ್ಟಿ ಪ್ಯಾಂಟು ಷರಟುಗಳು ಒಗೆದು ಇಸ್ತ್ರಿಯಾಗಿ ಬಡವರ ಸಂತೆಗಳಿಗೆ, ಮೆತ್ತನೆಯ ಹತ್ತಿಯ ಚಿಂದಿ ಯಂತ್ರ ಒರೆಸುವುದಕ್ಕೆ ಕಾರ್ಖಾನೆಗಳಿಗೆ, ಒಳ್ಳೆಯ ರೇಷ್ಮೆ ಸೀರೆಗಳು ಪ್ರವಾಸಿಗರಿಗೆ ಮಾರುವ ದಿಂಬಿನ ಚೀಲ, ಸ್ಕರ್ಟುಗಳಾಗುವುದಕ್ಕೆ.

ಇಲ್ಲಿ ಗಮನಿಸಬೇಕಾದದ್ದು ಪಾತ್ರೆಯವಳ ಕೈ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ಉಜ್ಜಿ, ಕಂಕುಳು, ಕಾಲರು, ಮಂಡಿ ಸವೆದಿದೆಯೇ ಎಂದು ಕ್ಷಣದಲ್ಲಿ ಅಳೆಯುವ ವಿದ್ಯೆ ಅದು. ಯಾವ ಶಾಲೆಯಲ್ಲೂ ಕಲಿಸದ ಈ ವಿದ್ಯೆಯೇ ಅವಳ ಬಂಡವಾಳ. ಹಳೆ ಬಟ್ಟೆಗೆ ತನ್ನಷ್ಟಕ್ಕೆ ನಿಗದಿಯಾದ ಬೆಲೆಯಿಲ್ಲ. ಆರಿಸಿ ಬೇರ್ಪಡಿಸುವ ಕಣ್ಣು ಅದಕ್ಕೆ ಬೆಲೆ ಕಟ್ಟುತ್ತದೆ. ಆ ಕಣ್ಣು ಯಾರದೋ ಲಾಭವೂ ಅವರದು.

ಜರಿ ಸೀರೆಯ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಮೈಸೂರು ರೇಷ್ಮೆ ಸೀರೆ ತಯಾರಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುವುದಾಗಿ ಹೇಳುತ್ತದೆ. ಹರಿದ ಸೀರೆಯನ್ನು ಸುಟ್ಟು ಕರಗಿಸಿದರೂ ಆ ಬೆಳ್ಳಿ ಉಳಿಯುತ್ತದೆ. ಅದಕ್ಕೇ ‘ಹಳೇ ಜರಿ ಸೀರೆ ಕೊಳ್ಳುತ್ತೇವೆ’ ಎಂಬ ಬೋರ್ಡುಗಳು ಪೇಟೆಯಲ್ಲಿವೆ. ಅಮ್ಮನ ಧಾರೆ ಸೀರೆಯನ್ನು ಒಂದು ಸ್ಟೀಲ್ ಡಬ್ಬಿಗೆ ಕೊಟ್ಟು ಆಮೇಲೆ ಪರಿತಪಿಸಿದವರು ಎಷ್ಟೋ ಮಂದಿ. ಅಲ್ಲಿ ಮೋಸ ಮಾಡಿದ್ದು ಪಾತ್ರೆಯವಳಿಗಿಂತ ಹೆಚ್ಚಾಗಿ ಸೀರೆಯ ಬಗೆಗಿನ ಅಜ್ಞಾನ.

ಹಳೆ ಬಟ್ಟೆಯ ಸರಪಳಿ ದೇಶದ ಗಡಿಯನ್ನೂ ದಾಟುತ್ತದೆ. ಶ್ರೀಮಂತ ದೇಶಗಳಲ್ಲಿ ದಾನವಾಗಿ ಬಂದ ಬಟ್ಟೆಯ ದೊಡ್ಡ ಪಾಲು ಮೂಟೆಗಳಾಗಿ ಹಡಗು ಹತ್ತುತ್ತದೆ. ಉಡಬಹುದಾದ ಹಳೆ ಬಟ್ಟೆಯನ್ನು ಭಾರತಕ್ಕೆ ತರಲು ನಿರ್ಬಂಧವಿದೆ. ಕತ್ತರಿಸಿ ಚಿಂದಿ ಮಾಡಿದ್ದಕ್ಕೆ ದಾರಿ ತೆರೆದಿದೆ. ಅಗ್ಗದ ಹಳೆ ಬಟ್ಟೆಯಿಂದ ಇಲ್ಲಿನ ಉಡುಪಿನ ಉದ್ಯಮಕ್ಕೆ ಹೊಡೆತ ಬೀಳಬಾರದು ಎಂಬುದು ಇದರ ಹಿಂದಿನ ಲೆಕ್ಕ. 1965ರಲ್ಲಿ ಮುಕ್ತ ವಲಯವಾಗಿ ಆರಂಭವಾದ ಗುಜರಾತಿನ ಕಾಂಡ್ಲಾದಲ್ಲಿ ಇಡೀ ಬಟ್ಟೆಗಳನ್ನೇ ತಂದು, ವಿಂಗಡಿಸಿ, ಬಹುಪಾಲನ್ನು ಮತ್ತೆ ಹೊರದೇಶಗಳಿಗೆ ಕಳಿಸುವ ಘಟಕಗಳಿವೆ.

ಚಿಂದಿಯ ಉಣ್ಣೆ ಹರಿಯಾಣದ ಪಾಣಿಪತ್ತಿಗೆ ಹೋಗುತ್ತದೆ. ಅಲ್ಲಿ ಹೆಂಗಸರು ನಮ್ಮ ಈಳಿಗೆಮಣೆಯಂಥ ಅಲಗಿನ ಮುಂದೆ ಕೂತು ಕೋಟು, ಸ್ವೆಟರುಗಳ ಗುಂಡಿ, ಜಿಪ್ಪು, ಲೇಬಲ್ಲುಗಳನ್ನು ಕತ್ತರಿಸಿ ತೆಗೆಯುತ್ತಾರೆ. ಕೆಂಪು, ನೀಲಿ, ಬೂದು ಎಂದು ಬಣ್ಣದ ರಾಶಿ ಮಾಡುತ್ತಾರೆ. ಬಣ್ಣ ಬೇರೆ ಮಾಡಿದ್ದರಿಂದ ಮತ್ತೆ ಬಣ್ಣ ಹಾಕುವ ಖರ್ಚು ಉಳಿಯುತ್ತದೆ. ಆಮೇಲೆ ಅದನ್ನು ಚಿಂದಿ ಚಿಂದಿ ಮಾಡಿ, ನೂತು, ಕಂಬಳಿ ನೇಯುತ್ತಾರೆ. ಭೂಕಂಪ, ನೆರೆ ಬಂದಾಗ ಹಂಚುವ ಕಂಬಳಿಗಳಲ್ಲಿ ಎಷ್ಟೋ ಇಲ್ಲಿಯವು. 1813ರ ಸುಮಾರಿಗೆ ಇಂಗ್ಲೆಂಡಿನ ಬ್ಯಾಟ್ಲಿ ಎಂಬಲ್ಲಿ ಬೆಂಜಮಿನ್ ಲಾ ಆರಂಭಿಸಿದ ‘ಶಾಡಿ’ ನೂಲಿನ ತಂತ್ರವೇ ಇದರ ಮೂಲ. ಈಚೆಗೆ ಅಗ್ಗದ ಪಾಲಿಯೆಸ್ಟರ್ ಹೊದಿಕೆಗಳು ಬಂದು ಈ ಉದ್ಯಮಕ್ಕೂ ಪೆಟ್ಟು ಬಿದ್ದಿದೆ. 2012ರಲ್ಲಿ ಮೇಘನಾ ಗುಪ್ತಾ ತಯಾರಿಸಿದ ‘ಅನ್‌ರಾವೆಲ್’ ಎಂಬ ಕಿರುಚಿತ್ರ ಪಾಣಿಪತ್ತಿನ ಈ ಹೆಂಗಸರನ್ನು ಕುರಿತದ್ದು. ಒಮ್ಮೆ ತೊಟ್ಟು ಇಷ್ಟು ಬಟ್ಟೆಯನ್ನು ಎಸೆಯುವ ಜನ ಎಂಥವರಿರಬಹುದು ಎಂದು ಅವರು ತಮ್ಮಲ್ಲೇ ಊಹಿಸಿಕೊಳ್ಳುತ್ತಾರೆ. ಸರಪಳಿಯ ಎರಡು ತುದಿಗಳಿಗೆ ಪರಸ್ಪರ ಪರಿಚಯವಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಂಟರ್‌ನೆಟ್ ಮಾಡಿದ್ದು ಈ ಸರಪಳಿಯನ್ನು ತುಂಡರಿಸುವ ಕೆಲಸವನ್ನು. 1995ರಲ್ಲಿ ಅಮೆರಿಕದಲ್ಲಿ ಪಿಯರೆ ಒಮಿದ್ಯಾರ್ ಆರಂಭಿಸಿದ ಹರಾಜು ತಾಣವೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಕೆಟ್ಟದ್ದೆಂದು ಹೇಳಿಯೇ ಮಾರಿದ್ದು, ಕೆಟ್ಟದ್ದೆಂದು ತಿಳಿದೇ ಕೊಂಡದ್ದು. ಬಟ್ಟೆಗಾಗಿಯೇ ಮೀಸಲಾದ ತಾಣಗಳು ಆಮೇಲೆ ಬಂದವು. ಲಿಥುವೇನಿಯಾದ ಮಿಲ್ಡಾ ಮಿಟ್ಕುಟೆ ಮನೆ ಬದಲಿಸುವಾಗ ತಮ್ಮಲ್ಲಿದ್ದ ಬಟ್ಟೆಯ ರಾಶಿ ಕಂಡು, ಗೆಳೆಯ ಯುಸ್ತಾಸ್ ಯನೌಸ್ಕಾಸ್ ಜತೆ 2008ರಲ್ಲಿ ಕಟ್ಟಿದ ವಿಂಟೆಡ್ ಯುರೋಪಿನಲ್ಲಿ ದೊಡ್ಡದಾಗಿ ಬೆಳೆಯಿತು. ಅಮೆರಿಕದ ಪಾಶ್‌ಮಾರ್ಕ್ 2021ರಲ್ಲಿ ಭಾರತಕ್ಕೆ ಬಂದು 2023ರಲ್ಲಿ ಹಿಂದೆ ಸರಿಯಿತು.

ದೊಡ್ಡ ಕಂಪೆನಿ ನಿಲ್ಲದ ಕಡೆ ಸಣ್ಣ ಅಂಗಡಿಗಳು ಬೇರು ಬಿಟ್ಟವು. ನಾಗಾಲ್ಯಾಂಡ್, ಮಣಿಪುರಗಳಲ್ಲಿ ಹೊರದೇಶದ ಹಳೆ ಬಟ್ಟೆ ಮಾರುವ ಅಂಗಡಿಗಳು ಬಹಳ ಹಿಂದಿನಿಂದಲೂ ಇದ್ದವು. ಅಲ್ಲಿನ ಯುವತಿಯರು ಆ ರಾಶಿಯಿಂದ ಒಳ್ಳೆಯದನ್ನು ಆರಿಸಿ ಇನ್‌ಸ್ಟಾಗ್ರಾಮಿನಲ್ಲಿ ಮಾರತೊಡಗಿದರು. 2020ರ ಲಾಕ್‌ಡೌನಿನ ನಂತರ ಇಂಥ ಪುಟಗಳು ಬೆಂಗಳೂರು, ಮುಂಬಯಿ, ದೆಹಲಿ ಎಲ್ಲೆಡೆ ಹೆಚ್ಚಿದವು. ನಡೆಯುವ ರೀತಿ ಸರಳ. ಇಂಥ ದಿನ ಇಷ್ಟು ಗಂಟೆಗೆ ಎಂದು ಮೊದಲೇ ತಿಳಿಸಿ ಫೋಟೊ ಹಾಕುತ್ತಾರೆ. ಮೊದಲು ಕೇಳಿದವರಿಗೆ ಬಟ್ಟೆ. ಹಣ ಯುಪಿಐ ಮೂಲಕ, ಬಟ್ಟೆ ಕೊರಿಯರಿನಲ್ಲಿ.

ಹಳೆಯ ಸಂಕೋಚವೂ ಇಲ್ಲಿ ತಲೆಕೆಳಗಾಗಿದೆ. ಹಿಂದೆ ಉಟ್ಟವರ ಗುರುತು ಅಳಿಸಿದ ಮೇಲೆ ಬಟ್ಟೆ ಮಾರಾಟವಾಗುತ್ತಿತ್ತು. ಈಗ ‘ಅಕ್ಕನ ಮದುವೆಗೆ ಒಂದೇ ಸಲ ಉಟ್ಟದ್ದು’ ಎಂಬ ವಿವರವೇ ಬೆಲೆ ಹೆಚ್ಚಿಸುತ್ತದೆ. ಬಡತನದ ಗುರುತಾಗಿದ್ದದ್ದು ಕೆಲವರಿಗೆ ಅಭಿರುಚಿಯ, ಪರಿಸರ ಕಾಳಜಿಯ ಗುರುತಾಗಿದೆ. ಆದರೆ ಈ ಗೌರವ ಕೊಳ್ಳುವ ಶಕ್ತಿ ಇದ್ದೂ ಹಳೆಯದನ್ನು ಆರಿಸಿಕೊಂಡವರಿಗೆ ಮಾತ್ರ. ಬೇರೆ ದಾರಿಯಿಲ್ಲದೆ ಸಂತೆಯ ರಾಶಿಯಲ್ಲಿ ಷರಟು ಹುಡುಕುವ ಕೂಲಿಯವನಿಗೆ ಅದು ಇನ್ನೂ ಸಂದಿಲ್ಲ.

ಹೊಸ ಸಂತೆಯ ದೊಡ್ಡ ಕೊರತೆ ಸ್ಪರ್ಶದ್ದು. ಫೋಟೊದಲ್ಲಿ ಬಟ್ಟೆಯ ಸವೆತ ಕಾಣದು, ವಾಸನೆ ತಿಳಿಯದು. ಮಾರುವವರಿಗೆ ಗೊತ್ತಿರುವ ದೋಷ ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದ್ದರು. ಅವರು 2001ರ ನೊಬೆಲ್ ಪುರಸ್ಕೃತರಲ್ಲೊಬ್ಬರು. ಎಲ್ಲರೂ ಮೋಸದ ಭಯದಿಂದ ಕಡಿಮೆ ಬೆಲೆಯನ್ನೇ ಕೇಳುತ್ತಾರೆ. ಒಳ್ಳೆಯ ಸರಕು ಇದ್ದವರು ಮಾರಲು ಮುಂದೆ ಬರುವುದಿಲ್ಲ. ಕೊನೆಗೆ ಉಳಿಯುವುದು ಕೆಟ್ಟ ಸರಕು ಮಾತ್ರ. ಇದಕ್ಕೆ ಇಬೇ 1996ರಲ್ಲಿ ಕಂಡುಕೊಂಡ ಉಪಾಯ, ವ್ಯವಹಾರ ಮುಗಿದ ಮೇಲೆ ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯುವುದು. ವಿಂಟೆಡ್‌ನಂಥ ತಾಣಗಳು ಬಟ್ಟೆ ತಲುಪಿ ಕೊಂಡವರು ಪರೀಕ್ಷಿಸುವವರೆಗೂ ಹಣವನ್ನು ತಮ್ಮಲ್ಲೇ ತಡೆದಿಡುತ್ತವೆ.

ನಮ್ಮ ಇನ್‌ಸ್ಟಾಗ್ರಾಂ ಅಂಗಡಿಗಳಲ್ಲಿ ಇಂಥ ಮಧ್ಯಸ್ಥರಿಲ್ಲ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳು ಕೂಡ, ವ್ಯಾಪಾರವನ್ನೇ ಕಸುಬಾಗಿ ಮಾಡದೆ ತಮ್ಮ ಸ್ವಂತದ ವಸ್ತುವನ್ನು ಎಂದೋ ಒಮ್ಮೆ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಜಾಗ್ರತೆ ಕೊಳ್ಳುವವರದೇ. ಸೈಜಿನ ಲೇಬಲ್ ನಂಬದೆ ಟೇಪಿನಲ್ಲಿ ಅಳೆದ ಅಳತೆ ಕೇಳಬೇಕು. ಕಂಕುಳು, ಕಾಲರು, ಅಂಚುಗಳ ಫೋಟೊವನ್ನು ಬಿಸಿಲ ಬೆಳಕಿನಲ್ಲಿ ತೆಗೆಸಿ ನೋಡಬೇಕು. ಮಾರುವವರೂ ಒಂದು ಮಾತು ಮರೆಯಬಾರದು: ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಒತ್ತಿ ಎನ್ನುವವರು ವಂಚಕರು. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನು ಲಾಭದ ಲೆಕ್ಕ. ಬಟ್ಟೆ ಆರಿಸುವ ವಿದ್ಯೆ ಈಗ ಗೃಹಿಣಿಯ, ಕಾಲೇಜು ಹುಡುಗಿಯ ಕೈಗೆ ಬಂದಿದೆ. ಡಬ್ಬಿಗೆ ಹೋಗುತ್ತಿದ್ದ ಸೀರೆಗೆ ಸಾವಿರಗಳಲ್ಲಿ ಬೆಲೆ ಬರುವುದಾದರೆ ಅದು ಸಂತೋಷದ ಸಂಗತಿಯೇ. ಆದರೆ ಮುನ್ನೂರು ರೂಪಾಯಿಯ ಕುರ್ತಾಕ್ಕೆ ಕೊರಿಯರು, ಒಗೆತ, ಫೋಟೊ, ಹತ್ತು ಜನರ ಪ್ರಶ್ನೆಗೆ ಉತ್ತರ ಎಂದೆಲ್ಲ ಲೆಕ್ಕ ಹಾಕಿದರೆ ಉಳಿಯುವುದು ಅಲ್ಪ. ಹೀಗಾಗಿ ಇಂಟರ್‌ನೆಟ್ಟಿಗೆ ಹೋಗುವುದು ಆಯ್ದ ಒಳ್ಳೆಯ ಬಟ್ಟೆ ಮಾತ್ರ. ಉಳಿದದ್ದು ಮತ್ತೆ ಗಂಟಿಗೆ.

ಪಾತ್ರೆಯವಳ ಗಂಟಿನಲ್ಲಿ ಒಂದು ಕಾಲಕ್ಕೆ ಹತ್ತು ಸವೆದ ಷರಟುಗಳ ನಷ್ಟವನ್ನು ಒಂದು ಒಳ್ಳೆಯ ಸೀರೆ ತುಂಬಿಕೊಡುತ್ತಿತ್ತು. ಆ ಸೀರೆಯೇ ಬರದಿದ್ದರೆ ಅವಳ ಬುಟ್ಟಿಯ ಲೆಕ್ಕ ಕೂಡುವುದು ಹೇಗೆ? ಹೊಸ ಸಂತೆಯ ಬಗ್ಗೆ ಮಾತಾಡುವವರು ಕೇಳಿಕೊಳ್ಳದ ಪ್ರಶ್ನೆ ಇದು. ಪರಿಸರಕ್ಕೆ ಒಳ್ಳೆಯದಾಗುತ್ತದೆ ಎಂಬ ಮಾತೂ ಷರತ್ತಿನದು. ಹೊಸ ಬಟ್ಟೆಯ ಬದಲಿಗೆ ಹಳೆಯದನ್ನು ಕೊಂಡರೆ ಲಾಭ; ‘ಬೇಡವಾದರೆ ಮಾರಿದರಾಯಿತು’ ಎಂಬ ಧೈರ್ಯದಿಂದ ಹೊಸದನ್ನೂ ಹೆಚ್ಚು ಹೆಚ್ಚು ಕೊಂಡರೆ ಬೀರುವಷ್ಟೇ ತುಂಬುತ್ತದೆ.

ಹಳೆ ಬಟ್ಟೆಯ ಈ ವ್ಯಾಪಾರವನ್ನು ನೂರಾರು ಕೈಗಳು ಇಷ್ಟು ಕಾಲ ಹೆಸರಿಲ್ಲದೆ ನಡೆಸಿಕೊಂಡು ಬಂದಿವೆ. ಫೋನಿನಲ್ಲಿ ಅಂಗಡಿ ತೆರೆಯುವ ಹೊಸಬರಿಗೆ ಸಿಗುತ್ತಿರುವ ಗೌರವದಲ್ಲಿ, ಅದೇ ಕೆಲಸವನ್ನು ಬುಟ್ಟಿ ಹೊತ್ತು ಮಾಡಿದವರಿಗೂ ಪಾಲಿದೆ. ಮುಂದಿನ ಸಲ ಅವಳು ಬಾಗಿಲಿಗೆ ಬಂದಾಗ ಒಂದು ಒಳ್ಳೆಯ ಬಟ್ಟೆಯನ್ನೂ ಗಂಟಿಗೆ ಸೇರಿಸಿ, ಚೌಕಾಸಿಯನ್ನು ಸ್ವಲ್ಪ ಸಡಿಲಿಸಿದರೆ ಯಾರಿಗೂ ನಷ್ಟವಾಗದು.