ಊರಿನ ಎಣ್ಣೆ, ದೆಹಲಿಯ ಚಳಿ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವವೂ ದೀಪಾವಳಿಯೂ ಒಂದರ ಬೆನ್ನಿಗೊಂದು ಬರುವ ಕಾಲವಿದು. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವದಲ್ಲಿ ಹರಳೆಣ್ಣೆ ಹಚ್ಚಿಸಿಕೊಂಡು, ಸೀಗೆಪುಡಿಯಿಂದ ಕಣ್ಣುರಿಸಿಕೊಂಡು ಅಭ್ಯಂಜನ ಮಾಡಿದ ನೆನಪಿಲ್ಲದವರು ನಮ್ಮಲ್ಲಿ ವಿರಳ. ಆದುದರಿಂದ ಎಣ್ಣೆಯ ವಿಷಯವಾಗಿಯೇ ನಾಲ್ಕು ಮಾತು ಆಡಬಯಸುತ್ತೇವೆ. ನಾವು ವೈದ್ಯರಲ್ಲ, ಮಕ್ಕಳನ್ನು ಸಾಕುವಾಗ ತಪ್ಪು ಮಾಡಿ ತಿದ್ದಿಕೊಂಡವರು.

ದೆಹಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಕಿರಿಯ ಮಗನ ಮೊಣಕೈ ಮಡಿಕೆಯಲ್ಲಿಯೂ ಮಂಡಿಯ ಹಿಂದೆಯೂ ಚರ್ಮ ಒರಟಾಗಿ ಕೆಂಪೇರಿತು. ರಾತ್ರಿಯೆಲ್ಲ ತುರಿಕೆ. ಊರಿಗೆ ಸುದ್ದಿ ಮುಟ್ಟಿಸಿದೆವು. “ಇಸುಬು ಇರಬೇಕು” ಎಂದರು ಅತ್ತೆಯವರು. ರೈಲಿನಲ್ಲಿ ಬಂದವರ ಕೈಯಲ್ಲಿ ಹೊಂಗೆಯೆಣ್ಣೆ, ಬೇವಿನೆಣ್ಣೆ, ಕೊಬ್ಬರಿ ಎಣ್ಣೆ ಎಂದು ಮೂರು ಸೀಸೆಗಳು ಬಂದವು.

ಯಾವುದನ್ನು ಯಾವಾಗ ಹಚ್ಚಬೇಕೆಂದು ಕೇಳುವ ತಾಳ್ಮೆ ನಮಗಿರಲಿಲ್ಲ. ಕೆರೆದು ಕೆರೆದು ನೀರೊಸರುತ್ತಿದ್ದ ಜಾಗಕ್ಕೆ ಬೇವಿನೆಣ್ಣೆಯನ್ನು ಹಾಗೆಯೇ ಬಳಿದುಬಿಟ್ಟೆವು. ಹುಡುಗ ಉರಿ ತಾಳಲಾರದೆ ಬೆಳಗಿನವರೆಗೂ ಅತ್ತ. ಮರುದಿನ ಡಾಕ್ಟರು, “ಒಸರುವ ಚರ್ಮಕ್ಕೆ ಮೊದಲು ಔಷಧ ಬೇಕು, ಎಣ್ಣೆಯೇನಿದ್ದರೂ ಅದು ಒಣಗಿದ ಮೇಲೆ” ಎಂದರು. ಅತ್ತೆಯವರಿಗೆ ತಿಳಿಸಿದಾಗ ಅವರೂ ಅದನ್ನೇ ಅಂದರು: “ಹಸಿ ಹುಣ್ಣಿಗೆ ಯಾರಾದರೂ ಎಣ್ಣೆ ಬಳಿಯುತ್ತಾರೇನಮ್ಮಾ?” ಸೀಸೆ ಬಂದಿತ್ತು, ಅದರ ಜೊತೆಗೆ ಬರಬೇಕಾಗಿದ್ದ ತಿಳಿವಳಿಕೆ ಊರಿನಲ್ಲಿಯೇ ಉಳಿದಿತ್ತು.

ಅಂದಿನಿಂದ ನಾವು ಕಲಿತುದಿಷ್ಟು. ಒಣಗಿ ಬಿರಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯದು. ಫಿಲಿಪ್ಪೀನ್ಸ್ ದೇಶದಲ್ಲಿ ಇಸುಬಿನ ತೊಂದರೆಯಿದ್ದ 117 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಸಿ ತೆಂಗಿನಕಾಯಿಯಿಂದ ತೆಗೆದ ಎಣ್ಣೆ 8 ವಾರಗಳಲ್ಲಿ ಖನಿಜ ತೈಲಕ್ಕಿಂತ ಹೆಚ್ಚು ಗುಣ ತೋರಿತು. ಅವು ಹೆಚ್ಚು ಉಲ್ಬಣಿಸದ ಇಸುಬುಗಳು ಎಂಬುದನ್ನು ಮರೆಯಬಾರದು. ಸುಮಾರು 24 ಡಿಗ್ರಿಗಿಂತ ಕೆಳಗೆ ಈ ಎಣ್ಣೆ ಹೆಪ್ಪುಗಟ್ಟುವುದರಿಂದ ಇಲ್ಲಿಯ ಚಳಿಯಲ್ಲಿ ಸೀಸೆಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೊಳ್ಳಬೇಕು. ಸುಡುನೀರಿನಲ್ಲಿ ಬಹಳ ಹೊತ್ತು ಮೀಯಿಸದೆ, ಉಗುರುಬೆಚ್ಚಗಿನ ನೀರು ಹಾಕಿ, ಮೈಯ ಪಸೆ ಆರುವ ಮೊದಲೇ ತೆಳುವಾಗಿ ಸವರಬೇಕು.

ನೆರೆಯವರು ಅಕ್ಕರೆಯಿಂದ ಸಾಸಿವೆ ಎಣ್ಣೆ ತಿಕ್ಕಲು ಹೇಳುತ್ತಾರೆ. ಗಟ್ಟಿ ಚರ್ಮದವರಿಗೆ ಅದು ಒಗ್ಗೀತು. ಕೆರಳಿದ ಚರ್ಮಕ್ಕೆ ಬೇಡ. 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಸಾಸಿವೆ ಎಣ್ಣೆ ಇಲಿಗಳ ಚರ್ಮ ಚೇತರಿಸಿಕೊಳ್ಳುವುದನ್ನು ತಡಮಾಡಿತು. ಸೂರ್ಯಕಾಂತಿ ಎಣ್ಣೆ ಬೇಗನೆ ಚೇತರಿಸುವಂತೆ ಮಾಡಿತು.

ಹೊಂಗೆಯನ್ನು ಇಲ್ಲಿಯವರು ಕರಂಜ್ ಎನ್ನುತ್ತಾರೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಅದರ ಎಣ್ಣೆಯೇ ದೀಪಕ್ಕೂ ತುರಿಗಜ್ಜಿಗೂ ಒದಗುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಪಾಲು ಹೊಂಗೆಯೆಣ್ಣೆಗೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ದೊಡ್ಡವರ ಒಣ ತುರಿಕೆಗೆ ಮಾತ್ರ, ಮೊದಲು ತೋಳಿನ ಒಂದು ಕಡೆ ಹಚ್ಚಿ ಒಂದು ದಿನ ನೋಡಿ ಬಳಸುತ್ತೇವೆ.

ತಾಯಂದಿರು ಇದೊಂದನ್ನು ಮನಸ್ಸಿನಲ್ಲಿಡಬೇಕು. ಬೇವಿನೆಣ್ಣೆಯನ್ನು ಮಕ್ಕಳ ಹೊಟ್ಟೆಗೆ ಒಂದು ಚಮಚವನ್ನೂ ಹಾಕಬಾರದು. ಹಾಗೆ ಕುಡಿಸಿದ್ದರಿಂದ ಮಲೇಷ್ಯಾದಲ್ಲಿ ಹಸುಗೂಸುಗಳು ವಾಂತಿ, ಮಂಪರು, ಸೆಳವುಗಳಿಂದ ಪ್ರಾಣಾಪಾಯಕ್ಕೆ ಸಿಲುಕಿದುದನ್ನು ವೈದ್ಯರು 1981ರಲ್ಲಿಯೇ ವರದಿ ಮಾಡಿದ್ದಾರೆ.

ಬೇಸಿಗೆಯ ಬೆವರುಸಾಲೆಗೆ ಯಾವ ಎಣ್ಣೆಯೂ ಸಲ್ಲದು. ಅದು ಬೆವರಿನ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ತಣ್ಣೀರ ಸ್ನಾನ, ಸಡಿಲವಾದ ಹತ್ತಿಯ ಬಟ್ಟೆ ಸಾಕು. ಬೆರಳ ಸಂದುಗಳಲ್ಲಿ ಗುಳ್ಳೆಯೆದ್ದು ರಾತ್ರಿ ಹೆಚ್ಚಾಗಿ ತುರಿಸಿದರೆ ಅದು ಹುರುಕು ಇರಬಹುದು. ಅದನ್ನು ತರುವುದು ಕಣ್ಣಿಗೆ ಬೀಳದ ಹುಳು. ಎಣ್ಣೆಯನ್ನು ನಂಬಿ ಕೂರದೆ ವೈದ್ಯರನ್ನು ಕಂಡು, ಮನೆಮಂದಿಯೆಲ್ಲ ಒಂದೇ ಸಲ ಔಷಧ ಹಚ್ಚಿಕೊಳ್ಳಬೇಕು.

ಇಸುಬು, ಹುರುಕು, ಬೆವರುಸಾಲೆ: ನಮ್ಮ ಹಿರಿಯರು ಒಂದೊಂದು ತುರಿಕೆಯನ್ನೂ ಬೇರೆ ಹೆಸರಿನಿಂದ ಗುರುತಿಸಿದ್ದರು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಎಲ್ಲವೂ ‘ಖುಜಲಿ’ಯೇ. ಹೆಸರು ಮರೆತರೆ ಭೇದ ಮರೆಯುತ್ತದೆ. ಭೇದ ಮರೆತರೆ ನಮ್ಮಂತೆ ಹಸಿ ಹುಣ್ಣಿಗೆ ಬೇವಿನೆಣ್ಣೆ ಬಳಿಯುವಂತಾಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಎಣ್ಣೆಯ ಸೀಸೆಯೊಂದನ್ನೇ ತರಬೇಡಿ. ಹಿರಿಯರ ಹತ್ತಿರ ಕುಳಿತು, ಯಾವುದಕ್ಕೆ, ಎಷ್ಟು, ಯಾವಾಗ ಬೇಡ ಎಂಬುದನ್ನೂ ಕೇಳಿ ಬರೆದುಕೊಂಡು ಬನ್ನಿ.