ಕಾಳಿಯ ಕಲ್ಲು, ಸಲಮಾನೋನ ನಾಯಿ



ತುಂಗಭದ್ರೆಯ ದಂಡೆಯ ಹಮ್ಮಿಗಿಗೆ ಬಂದು ಫ್ರೆಂಚ್ ಕಾದಂಬರಿಯ ಮಾತು ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಎರಡು ನಾಯಿಗಳ ಸಲುವಾಗಿ ಎನ್ನುತ್ತೇನೆ.

ನಮ್ಮ ಸೀಮೆಯಲ್ಲಿ ವೀರಗಲ್ಲು ನೋಡದವರಿಲ್ಲ. ಗುಡಿಯ ಹಿಂದೆ, ಅಗಸಿಯ ಪಕ್ಕದಲ್ಲಿ ಎಣ್ಣೆ-ಕುಂಕುಮ ಬಳಿಸಿಕೊಂಡು ನಿಂತಿರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಬಿಲ್ಲು, ಕತ್ತಿ, ಬಿದ್ದವರು. ನಡುವೆ ಸತ್ತವನನ್ನು ಎತ್ತಿ ಒಯ್ಯುವ ಅಪ್ಸರೆಯರು. ಮೇಲೆ ಕೈಲಾಸ, ಲಿಂಗದ ಮುಂದೆ ಕೂತ ವೀರ, ಅವನ ತಲೆಯ ಮೇಲೆ ಸೂರ್ಯ-ಚಂದ್ರ. ಸಾವಿನ ಲೆಕ್ಕ ಅಲ್ಲಿಗೆ ಚುಕ್ತಾ.

ಆಲ್ಬೆರ್ ಕಾಮುವಿನ ‘ದಿ ಔಟ್‌ಸೈಡರ್’ ಆ ಮೇಲಿನ ಪಟ್ಟಿಕೆಯನ್ನೇ ಒಡೆದುಹಾಕುತ್ತದೆ. 1942ರ ಕಾದಂಬರಿ ಅದು. ಅಲ್ಜೀರಿಯಾದ ಗುಮಾಸ್ತ ಮೆರ್ಸೋ ತಾಯಿಯ ಮಣ್ಣಿನಲ್ಲಿ ಅಳುವುದಿಲ್ಲ. ಆಮೇಲೊಂದು ದಿನ ಕಡಲ ದಂಡೆಯ ಉರಿಬಿಸಿಲಲ್ಲಿ ಒಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೋರ್ಟು ಕೊಲೆಗಿಂತ ಹೆಚ್ಚಾಗಿ ಆ ಸುರಿಯದ ಕಣ್ಣೀರನ್ನೇ ವಿಚಾರಣೆ ಮಾಡುತ್ತದೆ. ಕೊನೆಗೆ ಜೈಲಿಗೆ ಬಂದು ಪರಲೋಕದ ಮಾತಾಡಿದ ಪಾದ್ರಿಯ ಕೊರಳಪಟ್ಟಿಗೇ ಅವನು ಕೈ ಹಾಕುತ್ತಾನೆ. ಮನುಷ್ಯ ಅರ್ಥ ಕೇಳುತ್ತಾನೆ, ಜಗತ್ತು ಸುಮ್ಮನಿರುತ್ತದೆ. ಇವೆರಡರ ನಡುವೆ ಹುಟ್ಟುವುದೇ ಅಸಂಗತ ಎಂದು ಕಾಮು ಅದೇ ವರ್ಷ ‘ದಿ ಮಿಥ್ ಆಫ್ ಸಿಸಿಫಸ್’ನಲ್ಲಿ ವಾದಿಸಿದ. ನಮ್ಮಲ್ಲಿ ಈ ವಿಚಾರವನ್ನು ರಂಗಕ್ಕೆ ತಂದವರಲ್ಲಿ ನೆರೆಯ ಹತ್ತಿಮತ್ತೂರಿನ ಚಂಪಾ ಒಬ್ಬರು. ಅವರ ‘ಕೊಡೆಗಳು’ ನಾಟಕವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು.

ಈಗ ಮೊದಲ ನಾಯಿಗಾಗಿ ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗೋಣ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧವಾಗಿ ಚೋಳರ ರಾಜಾದಿತ್ಯ ಸತ್ತ. ರಾಷ್ಟ್ರಕೂಟರ ಪರ ಕಾದಿದ ಗಂಗ ದೊರೆ ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದಕ್ಕೆ ಎದುರಾಯಿತು; ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ದತ್ತಿ ಬಿಟ್ಟ. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಎಂದೂ ಬರೆಸಿದ.

ಅಂದಹಾಗೆ, ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿಯೂ ಇದೇ ಕಲ್ಲಿನ ಮೇಲಿದೆ. ಅದರಲ್ಲಿ ನಮ್ಮ ಬೆಳ್ವೊಲ ಮುನ್ನೂರೂ ಇದೆ, ಪುಲಿಗೆರೆ ಮುನ್ನೂರೂ ಇದೆ. ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ; ಆ ಸೀಮೆ ಕೈಬದಲಾದ ಸುದ್ದಿ ಒಂದು ನಾಯಿಯ ಕಲ್ಲಿನಲ್ಲಿ ಉಳಿದಿದೆ!

ಆ ಕಲ್ಲಿನ ಚಿತ್ರದಲ್ಲಿ ನಾಯಿ ಮತ್ತು ಹಂದಿಯ ಕಾದಾಟವಿದೆ, ಅಷ್ಟೆ. ಅಪ್ಸರೆಯರಿಲ್ಲ, ಕೈಲಾಸವಿಲ್ಲ. ಶಿಲ್ಪಿಗೆ ತತ್ವದ ಗೊಡವೆ ಇದ್ದಿರಲಿಕ್ಕಿಲ್ಲ. ನಾಯಿಯನ್ನು ಅಪ್ಸರೆಯರು ಹೊತ್ತೊಯ್ಯುವುದನ್ನು ಕೆತ್ತುವುದು ಅವನಿಗೆ ತೋಚದೇ ಇರಬಹುದು. ಆದರೂ ಮೆರ್ಸೋ ಬೇಡವೆಂದ ಪಟ್ಟಿಕೆ ಇಲ್ಲಿ ತಾನಾಗಿಯೇ ಇಲ್ಲ. ಕಾಳಿ ಊರು ಉಳಿಸಲಿಲ್ಲ, ದನ ಬಿಡಿಸಲಿಲ್ಲ. ಹಂದಿಯನ್ನು ಕೊಂದು ತಾನೂ ಸತ್ತ ನಾಯಿಗೆ ದಿನವೂ ಪೂಜೆ.

ಕಾಮುವಿನ ಕಾದಂಬರಿಯಲ್ಲೂ ಒಂದು ನಾಯಿ ಇದೆ. ಮೆರ್ಸೋನ ನೆರೆಮನೆಯ ಮುದುಕ ಸಲಮಾನೋನದು. ಚರ್ಮರೋಗಕ್ಕೆ ಕೂದಲುದುರಿದ ನಾಯಿ. ಎಂಟು ವರ್ಷ ಅದೇ ಬೀದಿ, ಅದೇ ಬೈಗುಳ, ಅದೇ ಹೊಡೆತ. ಒಂದು ದಿನ ಅದು ಕಳೆದುಹೋಗುತ್ತದೆ. ರಾತ್ರಿ ಗೋಡೆಯಾಚೆ ಮುದುಕ ಅಳುವುದು ಮೆರ್ಸೋಗೆ ಕೇಳಿಸುತ್ತದೆ. ಯಾಕೋ ಅವನಿಗೆ ತಾಯಿಯ ನೆನಪಾಗುತ್ತದೆ. ಊಟ ಮಾಡದೆ ಮಲಗುತ್ತಾನೆ.

ಇಡೀ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ನಿಜ ಅನಿಸುವ ಗಳಿಗೆ ಇದು. ಪಾದ್ರಿಯ ಮುಂದಿನ ಆರ್ಭಟಕ್ಕಿಂತ ನಿಜ. ಆದರೆ ಕಾಮು ಅಲ್ಲಿ ನಿಲ್ಲುವುದಿಲ್ಲ. ಮೆರ್ಸೋನನ್ನು ಒಂಟಿಯಾಗಿಸಿ, ಮರಣದಂಡನೆಯ ದಿನ ಜನ ದ್ವೇಷದಿಂದ ಕೂಗಲಿ ಎಂಬ ಆಸೆಯವರೆಗೆ ಒಯ್ಯುತ್ತಾನೆ. ಜನರ ಒಡನಾಟಕ್ಕೆ ಅವನು ಸರಿಯಾಗಿ ಮರಳಿದ್ದು 1947ರ ‘ದಿ ಪ್ಲೇಗ್’ನಲ್ಲಿ. ಆತಕೂರಿನ ಕಲ್ಲಿಗೆ ಒಂಟಿತನ ಗೊತ್ತಿಲ್ಲ. ಅದನ್ನು ಕಡೆಯಲು ಶಿಲ್ಪಿ ಬೇಕು, ಬರೆಯಲು ಲಿಪಿಕಾರ ಬೇಕು, ಪೂಜೆಗೆ ಪೂಜಾರಿ, ಅವನ ಹೊಟ್ಟೆಗೆ ಹೊಲ. ಸ್ವರ್ಗದ ಭರವಸೆ ಇಲ್ಲದೆಯೂ ಒಂದು ಸಾವನ್ನು ಹತ್ತು ಜನ ಸೇರಿ ನೆನೆಯಬಹುದು ಎಂಬುದನ್ನು ಆ ಕಲ್ಲು ಮಾಡಿ ತೋರಿಸಿದೆ. ಈ ಮಟ್ಟಿಗೆ ನನ್ನ ಮತ ಕಾದಂಬರಿಗಲ್ಲ, ಕಲ್ಲಿಗೆ.

ಒಪ್ಪಲೇಬೇಕೆಂದಿಲ್ಲ. ಆದರೆ ವಾದಕ್ಕೆ ಇಳಿಯುವ ಮೊದಲು ಸಲಮಾನೋನ ಅಧ್ಯಾಯ ಓದಿರಿ. ಕಾಳಿಯ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಡೆ ಹೋದಾಗ ಅದನ್ನೂ ನೋಡಿ ಬನ್ನಿ.